ಶೀಟ್ ಕಟಿಂಗ್ ಸಾಫ್ಟ್‌ವೇರ್ ಆರಿಸುವ ಮೊದಲು: ಮೂರು ಮಿಲಿಮೀಟರ್ ಲೆಕ್ಕ

ಅಡುಗೆಮನೆ ಕಪಾಟಿಗೆ 600 ಮಿ.ಮೀ. ಅಗಲದ ಸೈಡ್ ಪ್ಯಾನೆಲ್‌ಗಳು ಬೇಕಿದ್ದವು. 8×4 ಪ್ಲೈವುಡ್ ಶೀಟಿನ ಅಗಲ 1220. ಎರಡು ಪಟ್ಟಿಗೆ 1200 ಸಾಕು, ಇನ್ನೂ 20 ಉಳಿಯುತ್ತೆ ಅಲ್ವಾ? ಯಾವ ತುಂಡನ್ನು ಶೀಟಿನಲ್ಲಿ ಎಲ್ಲಿ ಕತ್ತರಿಸಬೇಕು ಅಂತ ಚಿತ್ರ ಹಾಕಿಕೊಡುವ ಕಟಿಂಗ್ ಸಾಫ್ಟ್‌ವೇರ್‌ನ ಪರದೆ ಮೇಲೂ ಹಾಗೇ ಕೂತಿತ್ತು. ಆದರೆ ಶೀಟಿನ ಅಂಚು ಪೆಟ್ಟು ತಿಂದಿತ್ತು, ಎರಡೂ ಕಡೆ 10 ಮಿ.ಮೀ. ತೆಗೆದು ನೇರ ಮಾಡಿಕೊಂಡೆ. ನಡುವೆ ಬ್ಲೇಡು ಓಡಿದಾಗ 3 ಮಿ.ಮೀ. ಪುಡಿಯಾಗಿ ಹೋಯಿತು. ಎರಡನೇ ಪಟ್ಟಿ 597ಕ್ಕೆ ನಿಂತಿತು. ಬ್ಲೇಡಿನ ದಪ್ಪ, ಅಂಚಿನ ಟ್ರಿಮ್ ಎರಡನ್ನೂ ನಾನು ಸಾಫ್ಟ್‌ವೇರ್‌ನಲ್ಲಿ ಸೊನ್ನೆ ಬಿಟ್ಟಿದ್ದೆ.

3 ಮಿ.ಮೀ. ಅಂದರೆ ಹೆಚ್ಚುಕಡಿಮೆ ಒಂದು ನೂಲು, ಇಂಚಿನ ಎಂಟನೇ ಒಂದು ಭಾಗ. ಪ್ರತಿ ಕಟ್ಟಿಗೂ ಒಂದು ನೂಲು ಹೋಗುತ್ತದೆ. ಹಾಗಾಗಿ ಯಾವುದೇ ಸಾಫ್ಟ್‌ವೇರ್ ತೆರೆದರೂ ಬ್ಲೇಡಿನ ದಪ್ಪ, ಟ್ರಿಮ್ ಹಾಕುವ ಈ ಎರಡು ಜಾಗ ಮೊದಲು ಹುಡುಕಿ. ಇಲ್ಲದಿದ್ದರೆ ಅದು ಫ್ರೀ ಆದರೂ ನಮಗೆ ಬೇಡ.

ಇದೇ ಪ್ಯಾನೆಲ್‌ನ ಮುಂದಿನ ಅಂಚಿಗೆ 2 ಮಿ.ಮೀ. ಎಡ್ಜ್ ಬ್ಯಾಂಡ್ (ಅಂಚು ಮುಚ್ಚುವ ಪಟ್ಟಿ) ಅಂಟಿಸುವುದಿದ್ದರೆ ಕತ್ತರಿಸಬೇಕಾದ್ದು 598. ಆಗ 598, 3, 598 ಕೂಡಿದರೆ 1199. ಟ್ರಿಮ್ ಮಾಡಿದ 1200ರಲ್ಲಿ ಕೂತೇ ಬಿಟ್ಟಿತು! ಬ್ಯಾಂಡ್ ದಪ್ಪವನ್ನು ತಾನೇ ಕಳೆಯುವ ಸಾಫ್ಟ್‌ವೇರ್ ಇದ್ದರೆ ಇಂಥ ಕಡೆ ಒಂದು ಶೀಟೇ ಉಳಿಯಬಹುದು. ನಾವು ಹಾಕುವುದು ಮುಗಿದ ಅಳತೆಯೋ, ಕತ್ತರಿಸುವ ಅಳತೆಯೋ ಅನ್ನುವುದನ್ನು ಮೊದಲೇ ತಿಳಿದುಕೊಳ್ಳಿ. ಎರಡು ಸಲ ಕಳೆದರೆ ಪ್ಯಾನೆಲ್ ಗಿಡ್ಡವಾಗುತ್ತದೆ.

ಮುಂದಿನದು ಗರಗಸದ ವಿಷಯ. ಪ್ಯಾನೆಲ್ ಸಾ ಶೀಟನ್ನು ಈ ಅಂಚಿಂದ ಆ ಅಂಚಿಗೆ ಸೀಳುತ್ತದೆ, ನಡುವೆ ನಿಲ್ಲಿಸಿ ತಿರುಗಿಸಲು ಆಗಲ್ಲ. ನಾಲ್ಕು ತುಂಡು ಗಾಳಿಚಕ್ರದ ರೆಕ್ಕೆಗಳ ಹಾಗೆ ಒಂದಕ್ಕೊಂದು ಸಿಕ್ಕಿಕೊಂಡು, ನಡುವೆ ಸಣ್ಣ ಚೌಕ ಉಳಿದಿರುವ ಚಿತ್ರ ಬಂದರೆ ಅದನ್ನು ಕಂಪ್ಯೂಟರ್ ನಡೆಸುವ ಸಿಎನ್‌ಸಿ ರೌಟರ್ ಕತ್ತರಿಸುತ್ತದೆ, ನಮ್ಮ ಗರಗಸ ಅಲ್ಲ. ಗರಗಸದ ಅಂಚಿಂದ ಅಂಚಿನ ಕಟ್ಟಿಗೆ ಗಿಲೋಟಿನ್ ಕಟ್ ಅಂತ ಹೆಸರು, ಸಾಫ್ಟ್‌ವೇರ್‌ನಲ್ಲಿ ಆ ಆಯ್ಕೆ ಇದೆಯಾ ನೋಡಿ.

ವಿನೀರ್ (ಮೇಲೆ ಅಂಟಿಸುವ ತೆಳು ಮರದ ಹಾಳೆ) ಕೆಲಸದಲ್ಲಿ ಗ್ರೇನ್ ಲಾಕ್, ಅಂದರೆ ಎಳೆಯ ದಿಕ್ಕು ತಿರುಗದಂತೆ ಹಿಡಿಯುವ ಆಯ್ಕೆ, ಬೇಕೇ ಬೇಕು. ಇಲ್ಲದಿದ್ದರೆ ಜಾಗ ಉಳಿಸೋಕೆ ಅಂತ ಸಾಫ್ಟ್‌ವೇರ್ ಡ್ರಾಯರ್ ಮುಖವನ್ನು ಅಡ್ಡ ಮಲಗಿಸಿಬಿಡುತ್ತದೆ. ಪಕ್ಕದ ಶಟರಿನ (ಕಪಾಟಿನ ಬಾಗಿಲಿನ) ಎಳೆ ಮೇಲಕ್ಕೆ, ಡ್ರಾಯರಿನದು ಅಡ್ಡಕ್ಕೆ. ಗಿರಾಕಿ ಒಪ್ಪಲ್ಲ.

ವೇಸ್ಟ್ ಶೇಕಡಾ ಎಷ್ಟು ಅನ್ನುವುದನ್ನೇ ನೋಡಿ ಆರಿಸಬೇಡಿ. ತುಂಡು ಜಾಸ್ತಿಯಾದರೆ ಎಲ್ಲ ಜೋಡಣೆಗಳನ್ನೂ ಪರೀಕ್ಷಿಸಲು ಕಂಪ್ಯೂಟರಿಗೂ ಸಮಯ ಸಾಲದು, ಒಂದೊಂದು ಸಾಫ್ಟ್‌ವೇರ್ ಒಂದೊಂದು ದಾರಿ ಹಿಡಿಯುತ್ತದೆ. ಈ ಗಣಿತದ ಬೇರು ನಮ್ಮ ಕಸುಬಿನ ಹತ್ತಿರವೇ ಇದೆ: 1938ರಲ್ಲಿ ಸೋವಿಯತ್ ಒಕ್ಕೂಟದ ಪ್ಲೈವುಡ್ ಟ್ರಸ್ಟ್ ಒಂದು ಲೆಕ್ಕ ಹಿಡಿದು ಗಣಿತಜ್ಞ ಲಿಯೊನಿಡ್ ಕಾಂಟೊರೊವಿಚ್ ಬಳಿ ಹೋಗಿತ್ತು. ಮರುವರ್ಷದ ಅವರ ಬರಹದಲ್ಲಿ ಕಡಿಮೆ ವೇಸ್ಟಿನಲ್ಲಿ ಕತ್ತರಿಸುವ ಲೆಕ್ಕವೂ ಇತ್ತು.

ಸ್ಕೆಚ್‌ಅಪ್ ಅನ್ನುವ 3ಡಿ ಸಾಫ್ಟ್‌ವೇರ್‌ನಲ್ಲಿ ಡ್ರಾಯಿಂಗ್ ಮಾಡುವವರು ಓಪನ್‌ಕಟ್‌ಲಿಸ್ಟ್ ನೋಡಿ, ಅದು ಉಚಿತ, ಅಲ್ಲೇ ಒಳಗೆ ಸೇರಿಕೊಳ್ಳುತ್ತದೆ. ಡ್ರಾಯಿಂಗ್ ಇಲ್ಲದೆ ಬರೀ ಅಳತೆ ಪಟ್ಟಿ ಇದ್ದರೆ ಬ್ರೌಸರಿನಲ್ಲೇ ನಡೆಯುವ ಕಟ್‌ಲಿಸ್ಟ್ ಆಪ್ಟಿಮೈಸರ್ ಸಾಕು. ಯಾವುದನ್ನೇ ಆಗಲಿ, ಈಗಾಗಲೇ ಮುಗಿಸಿದ ಒಂದು ಕೆಲಸದ ಪಟ್ಟಿ ಹಾಕಿ ನೋಡಿ. ಎಷ್ಟು ಶೀಟು ಹೋಯಿತು, ಎಂಥ ತುಂಡು ಉಳಿಯಿತು ಅಂತ ನಿಮಗೆ ಗೊತ್ತೇ ಇರುತ್ತದೆ. ಗೋಡೆಗೆ ಒರಗಿಸಿಟ್ಟ ಆ ತುಂಡುಗಳ ಅಳತೆಯನ್ನೂ ಹಾಕಿ, ಹೊಸ ಶೀಟು ಮುಟ್ಟುವ ಮೊದಲು ಅವನ್ನು ಬಳಸುತ್ತದಾ ನೋಡಿ.