1 ಕಿಲೋ ಪುಡಿ, 50 ಕಿಲೋ ನೋಟು

ಫೆಂಟನಿಲ್ ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ ನಿತ್ಯ ಬಳಕೆಯಲ್ಲಿರುವ ನೋವುನಿವಾರಕ. ಬೆಲ್ಜಿಯಂನ ಪಾಲ್ ಯಾನ್ಸನ್ 1960ರ ಸುಮಾರಿಗೆ ಇದನ್ನು ತಯಾರಿಸಿದರು. ಮಾರ್ಫಿನ್‌ಗಿಂತ ಸುಮಾರು 100 ಪಟ್ಟು ಪ್ರಬಲವಾದ ಇದನ್ನು ವೈದ್ಯರು ಮೈಕ್ರೋಗ್ರಾಂ ಲೆಕ್ಕದಲ್ಲಿ ಕೊಡುತ್ತಾರೆ. ರೂಢಿಯಿಲ್ಲದವರ ಉಸಿರು ನಿಲ್ಲಿಸಲು 2 ಮಿಲಿಗ್ರಾಂ ಸಾಕು, ಅಂದರೆ ಪುಡಿ ಉಪ್ಪಿನ ಹತ್ತು ಹದಿನೈದು ಹರಳಿನಷ್ಟು. ಅಮೆರಿಕದಲ್ಲಿ 2022ರಲ್ಲಿ ಮಾದಕವಸ್ತುಗಳ ಅತಿಸೇವನೆಯಿಂದ ಸತ್ತವರು ಸುಮಾರು 1,08,000 ಮಂದಿ. ಅವರಲ್ಲಿ 70,000ಕ್ಕೂ ಹೆಚ್ಚು ಜನರ ಸಾವಿನಲ್ಲಿ ಫೆಂಟನಿಲ್ ಮತ್ತು ಅದರ ಜಾತಿಯ, ಅಫೀಮಿನಂತೆ ಕೆಲಸ ಮಾಡುವ ಕೃತಕ ಓಪಿಯಾಯ್ಡ್‌ಗಳ ಪಾಲಿತ್ತು.

ಅಫೀಮಿಗೆ ಹೊಲ ಬೇಕು, ಮಳೆ ಬೇಕು, ಕೊಯ್ಲಿಗೆ ಆಳು ಬೇಕು. ಅದರ ಹೊಲ ಉಪಗ್ರಹದ ಕಣ್ಣಿಗೂ ಬೀಳುತ್ತದೆ. ಫೆಂಟನಿಲ್‌ಗೆ ಒಂದು ಕೋಣೆ, ಕೆಲವು ಪೀಪಾಯಿ ರಾಸಾಯನಿಕ ಇದ್ದರಾಯಿತು. ತಲಾ 2 ಮಿಲಿಗ್ರಾಂ ಹಾಕಿದರೆ 1 ಕಿಲೋ ಪುಡಿಯಲ್ಲಿ 5 ಲಕ್ಷ ನಕಲಿ ಮಾತ್ರೆಗಳಾಗುತ್ತವೆ. ಲಕ್ಷಾಂತರ ವಾಹನಗಳು ದಾಟುವ ಗಡಿಯಲ್ಲಿ ಅಷ್ಟು ಸಣ್ಣ ಪೊಟ್ಟಣವನ್ನು ಹುಡುಕುವುದು ಎಷ್ಟು ಕಷ್ಟ ಎಂದು ಹೇಳಬೇಕಾಗಿಲ್ಲ.

ಈಗ ಹಣದ ಲೆಕ್ಕ ಹಾಕೋಣ. ಮಾತ್ರೆಗೆ ಎರಡೇ ಡಾಲರ್ ಎಂದು ಹಿಡಿದರೂ ಆ 1 ಕಿಲೋ ಪುಡಿಯಿಂದ ಬರುವುದು 10 ಲಕ್ಷ ಡಾಲರ್. ಬೀದಿ ವ್ಯಾಪಾರದಲ್ಲಿ ಓಡಾಡುವುದು ಹೆಚ್ಚಾಗಿ ಸಣ್ಣ ನೋಟು. ಎಲ್ಲವೂ 20 ಡಾಲರ್ ನೋಟಾದರೆ 50,000 ನೋಟು ಆಗುತ್ತವೆ. ಅಮೆರಿಕದ ಒಂದು ನೋಟಿನ ತೂಕ 1 ಗ್ರಾಂ. ಒಳಬಂದದ್ದು 1 ಕಿಲೋ, ಹೊರಹೋಗಬೇಕಾದದ್ದು 50 ಕಿಲೋ! ಅಡಗಿಸಲು ಕಷ್ಟವಾದದ್ದು ಸರಕಲ್ಲ, ಅದರ ಸಂಪಾದನೆ. ಕಾನೂನು ಹಣದ ಬೆನ್ನು ಹತ್ತಬೇಕು ಎನ್ನುವ ವಾದಕ್ಕೆ ಬಲ ಬರುವುದು ಈ ಲೆಕ್ಕದಿಂದ.

ಅಮೆರಿಕದಲ್ಲಿ ಇದರ ಬುನಾದಿ 1970ರ ಬ್ಯಾಂಕ್ ಗೋಪ್ಯತಾ ಕಾಯ್ದೆ. ಒಬ್ಬ ಗ್ರಾಹಕ ಒಂದೇ ದಿನ 10,000 ಡಾಲರ್‌ಗಿಂತ ಹೆಚ್ಚು ನಗದು ಕಟ್ಟಿದರೆ ಬ್ಯಾಂಕು ಸರ್ಕಾರಕ್ಕೆ ವರದಿ ಕೊಡಬೇಕು. ಆ ವರದಿಯಿಂದ ತಪ್ಪಿಸಿಕೊಳ್ಳಲೆಂದು 9,000ದಂತೆ ಒಡೆದು ಕಟ್ಟುವುದೂ ಪ್ರತ್ಯೇಕ ಅಪರಾಧ, ಹಣ ನ್ಯಾಯವಾಗಿ ದುಡಿದದ್ದೇ ಆಗಿದ್ದರೂ ಸರಿ. 5,000 ಡಾಲರ್ ಮೇಲಿನ ವ್ಯವಹಾರ ಅನುಮಾನ ಹುಟ್ಟಿಸಿದರೆ ಸಾಮಾನ್ಯವಾಗಿ 30 ದಿನದೊಳಗೆ ‘ಅನುಮಾನಾಸ್ಪದ ವ್ಯವಹಾರ ವರದಿ’ ಸಲ್ಲಿಸಬೇಕು. ಗ್ರಾಹಕನಿಗೆ ಅದರ ಸುಳಿವು ಕೊಡುವಂತಿಲ್ಲ. ಇವೆಲ್ಲ ಖಜಾನೆ ಇಲಾಖೆಯ ಫಿನ್‌ಸೆನ್ ಎಂಬ ಘಟಕಕ್ಕೆ ಹೋಗುತ್ತವೆ. 2023ರ ಹಣಕಾಸು ವರ್ಷದಲ್ಲಿ ಅಲ್ಲಿಗೆ ಬಂದ ನಗದು ವರದಿಗಳು ಸುಮಾರು 2 ಕೋಟಿ 8 ಲಕ್ಷ, ಅನುಮಾನದ ವರದಿಗಳು 46 ಲಕ್ಷ. ಆದರೆ 2024ರಲ್ಲಿ ಫೆಂಟನಿಲ್‌ಗೆ ಸಂಬಂಧಿಸಿದವು ಎಂದು ಫಿನ್‌ಸೆನ್ ಗುರುತಿಸಿದ್ದು ಕೇವಲ 1,246 ವರದಿ. ಅವುಗಳಲ್ಲಿದ್ದ ಮೊತ್ತ ಸುಮಾರು 140 ಕೋಟಿ ಡಾಲರ್.

ಇಷ್ಟು ಕಡಿಮೆ ಏಕೆ? ಕೌಂಟರ್‌ನಲ್ಲಿ ಕುಳಿತ ಗುಮಾಸ್ತನಿಗೆ ಕಾಣುವುದು ನೋಟಿನ ಕಟ್ಟು ಮಾತ್ರ. ಅದರ ಹಿಂದೆ ಯಾವ ಡ್ರಗ್ಸ್ ಇದೆ ಎಂಬುದು ಕಾಣುವುದಿಲ್ಲ. ಅದಕ್ಕೇ ಫಿನ್‌ಸೆನ್ ತನ್ನ ಸಲಹಾಪತ್ರಗಳಲ್ಲಿ, ಫೆಂಟನಿಲ್ ಅನುಮಾನವಿದ್ದರೆ ಆ ಪದವನ್ನೂ ಸಲಹಾಪತ್ರದ ಸಂಖ್ಯೆಯನ್ನೂ ವರದಿಯಲ್ಲಿ ಬರೆಯಿರಿ ಎಂದು ಕೇಳುತ್ತದೆ. ಬರೆಯದಿದ್ದರೆ ಲಕ್ಷಾಂತರ ವರದಿಗಳ ನಡುವೆ ಅದು ಹುಡುಕಾಟಕ್ಕೆ ಸಿಗುವುದು ಕಷ್ಟ. ಇದಕ್ಕಿಂತ ಕೆಟ್ಟದ್ದು, ಬ್ಯಾಂಕೇ ನೋಡದಿರುವುದು. 2024ರ ಅಕ್ಟೋಬರ್‌ನಲ್ಲಿ ಕೆನಡಾ ಮೂಲದ ಟಿಡಿ ಬ್ಯಾಂಕ್ ತಪ್ಪೊಪ್ಪಿಕೊಂಡು ಸುಮಾರು 300 ಕೋಟಿ ಡಾಲರ್ ದಂಡ ತೆತ್ತಿತು. 2018ರ ಜನವರಿಯಿಂದ 2024ರ ಏಪ್ರಿಲ್‌ವರೆಗೆ ಅದರ ವ್ಯವಹಾರಗಳ ಶೇ 92ರಷ್ಟು ಸ್ವಯಂಚಾಲಿತ ನಿಗಾ ವ್ಯವಸ್ಥೆಯ ಹೊರಗೇ ಇತ್ತು. ಒಂದು ಜಾಲವಂತೂ ನೌಕರರಿಗೆ 57,000 ಡಾಲರ್‌ಗೂ ಹೆಚ್ಚಿನ ಗಿಫ್ಟ್ ಕಾರ್ಡ್ ಹಂಚಿ, ಆ ಬ್ಯಾಂಕಿನ ಮೂಲಕ 47 ಕೋಟಿ ಡಾಲರ್‌ಗೂ ಹೆಚ್ಚು ಹಣ ಸಾಗಿಸಿತ್ತು. ಕಾಯ್ದೆ ಎಷ್ಟೇ ಬಿಗಿಯಾಗಿದ್ದರೂ ಸಾಫ್ಟ್‌ವೇರ್‌ಗೆ ಖರ್ಚು ಮಾಡಲು ಬ್ಯಾಂಕು ಜಿಪುಣತನ ತೋರಿದರೆ ಆಗುವುದು ಇದೇ.

ಹಣವನ್ನು ಗಡಿ ದಾಟಿಸುವ ಕೆಲಸವನ್ನು ಈಗ ಹೆಚ್ಚಾಗಿ ವಹಿಸಿಕೊಂಡಿರುವುದು ಚೀನೀ ಹಣ ಸಾಗಣೆ ಜಾಲಗಳು. ನಮ್ಮ ಹವಾಲಾ ಬಲ್ಲವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಚೀನಾದ ನಾಗರಿಕರು ವರ್ಷಕ್ಕೆ 50,000 ಡಾಲರ್ ಮೌಲ್ಯದ ವಿದೇಶಿ ವಿನಿಮಯಕ್ಕಿಂತ ಹೆಚ್ಚು ಪಡೆಯುವಂತಿಲ್ಲ. ಆದರೆ ಅಮೆರಿಕದಲ್ಲಿ ಮನೆ ಕೊಳ್ಳುವವರಿಗೆ, ಮಕ್ಕಳ ಕಾಲೇಜು ಶುಲ್ಕ ಕಟ್ಟುವವರಿಗೆ ಅದಕ್ಕಿಂತ ಹೆಚ್ಚು ಬೇಕು. ದಲ್ಲಾಳಿ ಲಾಸ್ ಏಂಜಲೀಸ್‌ನಲ್ಲಿ ಡ್ರಗ್ಸ್ ನಗದು ಎತ್ತಿಕೊಂಡು, ಅಷ್ಟೇ ಮೌಲ್ಯದ ಪೆಸೊಗಳನ್ನು ಮೆಕ್ಸಿಕೊದಲ್ಲಿ ಕಾರ್ಟೆಲ್ ಎಂಬ ಡ್ರಗ್ಸ್ ಕೂಟಕ್ಕೆ ಕೊಡಿಸುತ್ತಾನೆ. ಎತ್ತಿಕೊಂಡ ಡಾಲರನ್ನು ಅದು ಬೇಕಾದ ಚೀನೀಯರಿಗೆ ಮಾರುತ್ತಾನೆ. ಅವರು ಚೀನಾದೊಳಗಿನ ಖಾತೆಗೆ ಯುವಾನ್ ಹಾಕುತ್ತಾರೆ. ಆ ಯುವಾನ್‌ನಿಂದ ಕೊಂಡ ಸರಕು ಮೆಕ್ಸಿಕೊಗೆ ಹೋಗಿ ಮಾರಾಟವಾದಾಗ ಮತ್ತೆ ಪೆಸೊ ಸಿಗುತ್ತದೆ. ಮೂರು ದೇಶಗಳಲ್ಲಿ ಹಣ ಕೈ ಬದಲಾಯಿಸಿತು, ಆದರೆ ಯಾವ ಗಡಿಯನ್ನೂ ದಾಟಲಿಲ್ಲ. ಹಿಡಿಯಲು ಅಂತರರಾಷ್ಟ್ರೀಯ ವರ್ಗಾವಣೆಯೇ ಇಲ್ಲ. ದಲ್ಲಾಳಿಗೆ ಎರಡೂ ಕಡೆಯಿಂದ ಲಾಭವಿರುವುದರಿಂದ ಕಾರ್ಟೆಲ್‌ಗೆ ಶೇ 1–2ರಷ್ಟು ಕಡಿಮೆ ಕಮಿಷನ್‌ಗೂ ಕೆಲಸ ಆಗುತ್ತದೆ.

ಹಣದ ಇನ್ನೊಂದು ತುದಿಯಲ್ಲಿ ನೋಟಿನ ತೂಕದ ತರ್ಕ ತಲೆಕೆಳಗಾಗುತ್ತದೆ. 2019ರ ಮೇ 1ರಿಂದ ಚೀನಾ ಫೆಂಟನಿಲ್ ಜಾತಿಯ ಎಲ್ಲ ವಸ್ತುಗಳನ್ನು ನಿಯಂತ್ರಣಕ್ಕೆ ತಂದ ಮೇಲೆ ಅಲ್ಲಿಂದ ಮೆಕ್ಸಿಕೊಗೆ ಸಾಗುತ್ತಿರುವುದು ಮುಖ್ಯವಾಗಿ ಕಚ್ಚಾ ರಾಸಾಯನಿಕ. ಅದು ಅಗ್ಗ. ಸಾವಿರಾರು ಡಾಲರ್‌ನ ಪಾವತಿ ಲಕ್ಷಾಂತರ ಡಾಲರ್‌ನ ಮಾಲಾಗುತ್ತದೆ. ರಾಸಾಯನಿಕ ಕಂಪನಿಗೆ ಅಷ್ಟು ಸಣ್ಣ ಮೊತ್ತ ಹೋದರೆ ಯಾರೂ ಹುಬ್ಬೇರಿಸುವುದಿಲ್ಲ, ಏಕೆಂದರೆ ಅಂಥ ಪಾವತಿಗಳಲ್ಲಿ ಬಹುಪಾಲು ನಿಜವಾದ ವ್ಯಾಪಾರದವೇ. ಭಾರತವೂ ಈ ಚಿತ್ರದಲ್ಲಿದೆ: 2025ರ ಜನವರಿಯಲ್ಲಿ ಅಮೆರಿಕದ ನ್ಯಾಯಾಂಗ ಇಲಾಖೆ ಸೂರತ್‌ನ ಎರಡು ರಾಸಾಯನಿಕ ಕಂಪನಿಗಳ ಮೇಲೆ ಇಂಥ ಕಚ್ಚಾ ರಾಸಾಯನಿಕ ಸಾಗಿಸಿದ ಆರೋಪ ಹೊರಿಸಿತು.

2024ರ ಏಪ್ರಿಲ್ 24ರಂದು ಜಾರಿಗೆ ಬಂದ ಅಮೆರಿಕದ ‘ಫೆಂಡ್ ಆಫ್ ಫೆಂಟನಿಲ್’ ಕಾಯ್ದೆಯನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಫೆಂಟನಿಲ್ ಸಾಗಣೆಯನ್ನು ಅದು ರಾಷ್ಟ್ರೀಯ ತುರ್ತುಪರಿಸ್ಥಿತಿಯೆಂದು ಸಾರಿತು. ನಿಜವಾಗಿ ಹೊಸದಾದ ಅಸ್ತ್ರ ಇನ್ನೊಂದು. 2001ರ ಪೇಟ್ರಿಯಟ್ ಕಾಯ್ದೆಯ ಸೆಕ್ಷನ್ 311ರಡಿ ವಿದೇಶಿ ಬ್ಯಾಂಕೊಂದರ ಅಮೆರಿಕದ ಖಾತೆಗಳನ್ನು ಮುಚ್ಚಿಸಬೇಕಾದರೆ ಕರಡು ನಿಯಮ ಪ್ರಕಟಿಸಿ, ಆಕ್ಷೇಪಣೆ ಕೇಳಿ, ಅಂತಿಮ ನಿಯಮ ಹೊರಡಿಸಬೇಕಿತ್ತು. ಅಷ್ಟರಲ್ಲಿ ಹಣಕ್ಕೆ ಬೇರೆ ದಾರಿ ಸಿಕ್ಕಿರುತ್ತದೆ. ಹೊಸ ಕಾಯ್ದೆಯಲ್ಲಿ ಒಂದು ಆದೇಶದಿಂದಲೇ ಹಣ ವರ್ಗಾವಣೆ ನಿಲ್ಲಿಸಬಹುದು.

ಮೊದಲ ಪ್ರಯೋಗ ನಡೆದದ್ದು 2025ರ ಜೂನ್ 25ರಂದು, ಮೆಕ್ಸಿಕೊದ ಸಿಐಬ್ಯಾಂಕೊ, ಇಂಟರ್‌ಕ್ಯಾಮ್ ಮತ್ತು ವೆಕ್ಟರ್ ಎಂಬ ಷೇರು ದಲ್ಲಾಳಿ ಸಂಸ್ಥೆಯ ಮೇಲೆ. ಕಾರ್ಟೆಲ್‌ಗಳ ಹಣ ಸಾಗಿಸಿದವೆಂಬ ಆರೋಪವನ್ನು ಮೂರೂ ನಿರಾಕರಿಸಿದವು. ಮೆಕ್ಸಿಕೊ ಸರ್ಕಾರ ಪುರಾವೆ ಕೇಳಿತು. ತನಗೆ ಸಿಕ್ಕ ಮಾಹಿತಿಯಲ್ಲಿ ಇದ್ದದ್ದು ಚೀನೀ ಕಂಪನಿಗಳಿಗೆ ಹೋದ ವರ್ಗಾವಣೆಗಳು ಮಾತ್ರ ಎಂದಿತು. ಆದರೂ ಮರುದಿನದಿಂದಲೇ ಅಲ್ಲಿನ ನಿಯಂತ್ರಕರು ಈ ಸಂಸ್ಥೆಗಳ ಆಡಳಿತವನ್ನು ತಾತ್ಕಾಲಿಕವಾಗಿ ಕೈಗೆ ತೆಗೆದುಕೊಳ್ಳಬೇಕಾಯಿತು. ಆದೇಶ ಜಾರಿಗೆ ಇದ್ದ ಜುಲೈ 21ರ ಗಡುವು ಸೆಪ್ಟೆಂಬರ್ 4ಕ್ಕೆ, ಮತ್ತೆ ಅಕ್ಟೋಬರ್ 20ಕ್ಕೆ ಹೋಯಿತು. ಡಾಲರ್ ದಾರಿ ಮುಚ್ಚುತ್ತದೆಂಬ ಸುದ್ದಿಯೊಂದೇ ಬ್ಯಾಂಕನ್ನು ಅಲುಗಾಡಿಸಬಲ್ಲದು. ವೇಗಕ್ಕಾಗಿ ವಿಚಾರಣೆಯನ್ನು ಹಿಂದಕ್ಕೆ ತಳ್ಳಿದಾಗ ನಿರಪರಾಧಿ ಠೇವಣಿದಾರರಿಗೂ ಏಟು ಬೀಳುತ್ತದೆ. ಆದೇಶದ ಜೊತೆಗೇ ಪುರಾವೆಯನ್ನು ಆ ದೇಶದ ನಿಯಂತ್ರಕರಿಗೆ ಕೊಡುವುದನ್ನು ಕಾಯ್ದೆಯೇ ಕಡ್ಡಾಯ ಮಾಡಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ನಮ್ಮಲ್ಲಿ ಮಾದಕವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಗೆ 1989ರಲ್ಲೇ ಸೆಕ್ಷನ್ 27ಎ ಸೇರಿತು: ಡ್ರಗ್ಸ್ ಸಾಗಣೆಗೆ ಹಣ ಹೂಡಿದವರಿಗೆ 10ರಿಂದ 20 ವರ್ಷ ಜೈಲು. 2014ರ ತಿದ್ದುಪಡಿಯಲ್ಲಿ ‘ಅಕ್ರಮ ಸಾಗಣೆ’ಯ ವ್ಯಾಖ್ಯೆಯ ಉಪವಿಭಾಗದ ಸಂಖ್ಯೆ ಬದಲಾಯಿತು, 27ಎ ಮಾತ್ರ ಹಳೆಯ ಸಂಖ್ಯೆಯನ್ನೇ ಹಿಡಿದುಕೊಂಡಿತು. ಏಳು ವರ್ಷ ಈ ಸೆಕ್ಷನ್ ಬೇರೆ ಯಾವುದೋ ವ್ಯಾಖ್ಯೆಯತ್ತ ಬೆರಳು ತೋರಿಸುತ್ತಿತ್ತು. ತ್ರಿಪುರಾದ ಪ್ರಕರಣವೊಂದರಲ್ಲಿ ಇದು ಬಯಲಾಗಿ 2021ರಲ್ಲಿ ಸಂಸತ್ತು ಸರಿಪಡಿಸಿತು.

ಆಸ್ತಿ ಜಪ್ತಿಗೆ ಇರುವುದು ಸೆಕ್ಷನ್ 68ಎಫ್. ತನಿಖಾಧಿಕಾರಿ ಆದೇಶ ಹೊರಡಿಸಿ 48 ಗಂಟೆಯೊಳಗೆ ಸಕ್ಷಮ ಪ್ರಾಧಿಕಾರಕ್ಕೆ ಪ್ರತಿ ಕಳಿಸಬೇಕು, 30 ದಿನದೊಳಗೆ ಅದು ದೃಢೀಕರಿಸಬೇಕು. ಕರ್ನಾಟಕಕ್ಕೆ ಆ ಪ್ರಾಧಿಕಾರ ಇರುವುದು ಚೆನ್ನೈಯಲ್ಲಿ. ಆಸ್ತಿ ನ್ಯಾಯವಾಗಿ ಬಂದದ್ದೆಂದು ತೋರಿಸುವ ಹೊಣೆ ಆರೋಪಿಯದು. ಆದರೆ ಸೈಟಿನ ಕ್ರಯಪತ್ರ, ಬ್ಯಾಂಕ್ ಸ್ಟೇಟ್‌ಮೆಂಟ್, ಆದಾಯ ತೆರಿಗೆಯ ದಾಖಲೆ ಹೊಂದಿಸುವುದರಲ್ಲೇ ತಿಂಗಳು ಕಳೆದರೆ ಆದೇಶ ಬಿದ್ದುಹೋಗುತ್ತದೆ. ಹಾಗಾಗಿ ಕಡತ ಸಿದ್ಧವಾಗಬೇಕಾದದ್ದು ಜಪ್ತಿಯ ಆದೇಶಕ್ಕೆ ಮೊದಲೇ.