ಮೊದಲು ಕಡತ, ಆಮೇಲೆ ಲಿನಕ್ಸ್

ವಿಂಡೋಸ್ 10ರ ಅಧಿಕೃತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿತು. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇಲ್ಲದ, ಆದರೆ ಇನ್ನೂ ಗಟ್ಟಿಮುಟ್ಟಾಗಿರುವ ಕಂಪ್ಯೂಟರ್‌ಗಳು ವಕೀಲರ ಕಚೇರಿ, ಸಹಕಾರ ಸಂಘ, ಮುದ್ರಣಾಲಯ, ಶಾಲೆಗಳಲ್ಲಿ ಎಷ್ಟೋ ಇವೆ. ಇಂಥ ಕಡೆ ಕಂಪ್ಯೂಟರ್ ವ್ಯವಸ್ಥೆ ಮಾಡಿಕೊಡುವುದು ನನ್ನ ವೃತ್ತಿ. "ಲಿನಕ್ಸ್ ಹಾಕಿಬಿಡಿ ಸಾರ್" ಎಂಬ ಮಾತು ಈಗ ಆಗಾಗ ಕಿವಿಗೆ ಬೀಳುತ್ತದೆ. ವಿಂಡೋಸ್ ಜಾಗದಲ್ಲಿ ಯಂತ್ರವನ್ನು ನಡೆಸುವ, ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಮುಕ್ತ ತಂತ್ರಾಂಶ ಅದು. ನನಗೆ ಸಂತೋಷವೇ. ಆದರೂ ಮೊದಲ ದಿನವೇ ಹಾಕಿಕೊಡುವುದಿಲ್ಲ. ಮೊದಲು ನಿಮ್ಮ ಕಡತಗಳನ್ನು ತೋರಿಸಿ ಎನ್ನುತ್ತೇನೆ.

ಕಾರ್ಯಾಚರಣ ವ್ಯವಸ್ಥೆಯನ್ನು ಬದಲಿಸುವುದು ಕೊನೆಯ ಹೆಜ್ಜೆ. ಕಚೇರಿ ಕೆಲಸದ ಲಿಬ್ರೆಆಫೀಸ್, ಜಾಲ ನೋಡುವ ಫೈರ್‌ಫಾಕ್ಸ್, ವಿಡಿಯೊಗೆ ವಿಎಲ್‌ಸಿ, ಚಿತ್ರಗಳಿಗೆ ಜಿಂಪ್, ಇಂಕ್‌ಸ್ಕೇಪ್ ಎಲ್ಲವೂ ವಿಂಡೋಸ್‌ನಲ್ಲೇ ನಡೆಯುತ್ತವೆ. ಈಗಿರುವ ಯಂತ್ರದಲ್ಲೇ ಅವನ್ನು ಹಾಕಿಕೊಂಡು ಕೆಲವು ವಾರ ನಿತ್ಯದ ಕೆಲಸ ಮಾಡಿ. ಖಾಲಿ ಹಾಳೆಯಲ್ಲಿ ನಾಲ್ಕು ಸಾಲು ಟೈಪ್ ಮಾಡಿ "ಚೆನ್ನಾಗಿದೆ" ಎನ್ನುವುದು ಪರೀಕ್ಷೆಯಲ್ಲ. ನಿಮ್ಮಲ್ಲಿರುವ ಅತಿ ಸಿಕ್ಕಾದ ಕಡತವನ್ನು ತೆರೆಯಿರಿ: ಲೆಟರ್‌ಹೆಡ್, ಕೋಷ್ಟಕದೊಳಗೆ ಕೋಷ್ಟಕ, ಅಡಿಟಿಪ್ಪಣಿ ಎಲ್ಲ ಇರುವಂಥದ್ದು. ಅದು ನೆಟ್ಟಗೆ ಬಂದರೆ ಉಳಿದವೂ ಬರುತ್ತವೆ.

ವರ್ಡ್ ಕಡತ ತೆರೆದಾಗ ಪುಟ ಅಲುಗಾಡಿದರೆ ತಂತ್ರಾಂಶವನ್ನು ದೂರುವ ಮೊದಲು ಫಾಂಟ್ ನೋಡಬೇಕು. ಕ್ಯಾಲಿಬ್ರಿ, ಕೇಂಬ್ರಿಯಾ ಇಲ್ಲದ ಯಂತ್ರದಲ್ಲಿ ಬೇರೆ ಅಳತೆಯ ಅಕ್ಷರ ಬಂದು ಕೂರುತ್ತದೆ, ಸಾಲುಗಳು ಜಾರುತ್ತವೆ, ಸಹಿಯ ಜಾಗ ಮುಂದಿನ ಪುಟಕ್ಕೆ ಹೋಗುತ್ತದೆ. ಅಕ್ಷರಗಳ ಅಗಲದಲ್ಲಿ ಅವಕ್ಕೆ ಸರಿಸಮನಾದ ಕಾರ್ಲಿಟೊ, ಕಲಾಡಿಯಾ ಎಂಬ ಮುಕ್ತ ಫಾಂಟ್‌ಗಳಿವೆ. ಅವನ್ನು ಹಾಕಿಕೊಂಡರೆ ಈ ದೂರು ಬಹುಮಟ್ಟಿಗೆ ನಿಲ್ಲುತ್ತದೆ.

ಕನ್ನಡದ ಕಚೇರಿಗಳಲ್ಲಿ ನಿಜವಾದ ತೊಡಕು ಇರುವುದು ಬೇರೆ ಕಡೆ. ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳಲ್ಲಿ ಮಾಡಿದ ಹಳೆಯ ಕಡತಗಳು ಬಹುಪಾಲು ಯೂನಿಕೋಡ್‌ನಲ್ಲಿಲ್ಲ, ಅಂದರೆ ಪ್ರತಿ ಲಿಪಿಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಇಂದಿನ ಪದ್ಧತಿಯಲ್ಲಿಲ್ಲ. ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಮೇಲೆಯೇ ಕನ್ನಡದ ತುಂಡುಗಳನ್ನು ಕೂರಿಸಿದ ಫಾಂಟ್‌ಗಳಲ್ಲಿ ಅವು ಸಿದ್ಧವಾಗಿವೆ. ಫಾಂಟ್ ಇಲ್ಲದ ಯಂತ್ರದಲ್ಲಿ ಠರಾವು ಪುಸ್ತಕ ತೆರೆದರೆ ಟೋಪಿ, ಬಾಲ ಹೊತ್ತ ರೋಮನ್ ಅಕ್ಷರಗಳ ಸಂತೆ ಕಾಣುತ್ತದೆ. ಆ ಕಾಲದಲ್ಲಿ ಅದು ಕನ್ನಡಕ್ಕೆ ಬಹುದೊಡ್ಡ ಉಪಕಾರ ಮಾಡಿದ ಉಪಾಯ, ಅದರ ಬಗ್ಗೆ ನನಗೆ ಗೌರವವಿದೆ. ಆದರೆ ಇಂದು ಆ ಕಡತದಲ್ಲಿ ಒಂದು ಹೆಸರನ್ನು ಹುಡುಕುವುದಾಗಲಿ, ಸದಸ್ಯರ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸುವುದಾಗಲಿ ಸರಿಯಾಗಿ ಆಗುವುದಿಲ್ಲ. ಲಿನಕ್ಸ್‌ಗೆ ಹೋಗದಿದ್ದರೂ ಇದನ್ನು ಯೂನಿಕೋಡ್‌ಗೆ ತರಲೇಬೇಕು.

ಪರಿವರ್ತಕಗಳು ಮುಕ್ತ ತಂತ್ರಾಂಶವಾಗಿಯೇ ಸಿಗುತ್ತವೆ. ಅವು ಎಡವುವ ಜಾಗಗಳನ್ನು ಮಾತ್ರ ಮೊದಲೇ ತಿಳಿದಿರಬೇಕು. ಒಂದು, ಕನ್ನಡದ ನಡುವೆ ಇಂಗ್ಲಿಷ್ ಪದಗಳಿದ್ದರೆ ಅವೂ ಕನ್ನಡವೆಂದೇ ತಿಳಿದು ಕಲಸುಮೇಲೋಗರ ಮಾಡುತ್ತವೆ, ಏಕೆಂದರೆ ಎರಡಕ್ಕೂ ಸಂಕೇತ ಒಂದೇ. ಲಿಬ್ರೆಆಫೀಸ್‌ನ ಹುಡುಕು-ಬದಲಿಸು ಕಿಟಕಿಯಲ್ಲಿ ಫಾಂಟ್ ಹೆಸರು ಕೊಟ್ಟು ಹುಡುಕಬಹುದು. ಆ ಫಾಂಟ್‌ನ ಭಾಗವನ್ನಷ್ಟೇ ಆರಿಸಿ ಪರಿವರ್ತಿಸಿದರೆ ಇಂಗ್ಲಿಷ್ ಉಳಿಯುತ್ತದೆ. ಇನ್ನೊಂದು, ಅರ್ಕಾವತ್ತು. ಹಳೆಯ ಫಾಂಟ್‌ನಲ್ಲಿ ಅದು ವ್ಯಂಜನದ ಆಚೆ ಕೂರುತ್ತದೆ, ಯೂನಿಕೋಡ್‌ನಲ್ಲಿ ರಕಾರ ಮೊದಲು ಬರುತ್ತದೆ. ಹಾಗಾಗಿ ಕಾರ್ಯದರ್ಶಿಯಂಥ ಪದಗಳನ್ನೂ, ಎರಡೆರಡು ಒತ್ತಕ್ಷರವಿರುವ ರಾಷ್ಟ್ರೀಯ, ಸ್ತ್ರೀ ಇಂಥವನ್ನೂ ಹುಡುಕಿ ನೋಡಿ. ಮೊತ್ತದ ಅಂಕಿಗಳನ್ನಂತೂ ಮೂಲದ ಪಕ್ಕ ಇಟ್ಟು ಓದಲೇಬೇಕು. ಮೂಲ ಕಡತವನ್ನು ಅಳಿಸಬೇಡಿ, ಅದರ ಪಿಡಿಎಫ್ ಪ್ರತಿಯನ್ನೂ ಮಾಡಿಟ್ಟುಕೊಳ್ಳಿ.

ಪರಿವರ್ತನೆಯಾದ ಮೇಲೆ ಲಿಬ್ರೆಆಫೀಸ್‌ನ ಒಂದು ನಡವಳಿಕೆ ಹಲವರನ್ನು ಕಂಗೆಡಿಸುತ್ತದೆ. ಅದು ಇಂಗ್ಲಿಷಿಗೊಂದು, ಕನ್ನಡದಂಥ ಸಂಕೀರ್ಣ ಲಿಪಿಗಳಿಗೊಂದು ಎಂದು ಫಾಂಟನ್ನೂ ಗಾತ್ರವನ್ನೂ ಬೇರೆ ಬೇರೆಯಾಗಿ ಇಟ್ಟುಕೊಳ್ಳುತ್ತದೆ. ಭಾಷೆಯ ಆಯ್ಕೆಗಳಲ್ಲಿ ಸಂಕೀರ್ಣ ಲಿಪಿಯ ಸೌಲಭ್ಯ ತೆರೆದು, ಕನ್ನಡವನ್ನು ಆರಿಸಿ, ಮೂಲ ಫಾಂಟ್ ಆಗಿ ನೋಟೊ, ಗುಬ್ಬಿ ಅಥವಾ ನವಿಲು ಹಾಕಿದರೆ ಮುಗಿಯಿತು. ಕನ್ನಡದ ಕಾಗುಣಿತ ಪರೀಕ್ಷಕ ಇನ್ನೂ ಬಡವಾಗಿದೆ. ಪ್ರತ್ಯಯ ಸೇರಿ ಬೆಳೆಯುವ ನಮ್ಮ ಪದಗಳನ್ನು ಪಟ್ಟಿಯಲ್ಲಿ ಹಿಡಿದಿಡುವುದು ಕಷ್ಟ, ಸರಿಯಾದ ಪದದ ಕೆಳಗೂ ಕೆಂಪು ಗೆರೆ ಬರುತ್ತದೆ.

ಇಷ್ಟಾದ ಮೇಲೆ ಲಿನಕ್ಸ್. ಲಿನಕ್ಸ್‌ನ ಬಗೆಗಳಾದ ಉಬುಂಟು ಅಥವಾ ಲಿನಕ್ಸ್ ಮಿಂಟ್ ತುಂಬಿದ ಪೆನ್‌ಡ್ರೈವ್‌ನಿಂದ ಯಂತ್ರವನ್ನು ಆರಂಭಿಸಿದರೆ ಹಾರ್ಡ್‌ಡಿಸ್ಕ್ ಮುಟ್ಟದೆಯೇ ನೋಡಬಹುದು. ಆಗ ವೈಫೈ, ಪ್ರಿಂಟರ್, ಸ್ಕ್ಯಾನರ್, ಪ್ರೊಜೆಕ್ಟರ್ ನಾಲ್ಕನ್ನೂ ಜೋಡಿಸಿ ಪರೀಕ್ಷಿಸಿ. ಕೆಲವು ಹಳೆಯ ಲೇಸರ್ ಪ್ರಿಂಟರ್‌ಗಳು ಲಿನಕ್ಸ್‌ನಲ್ಲಿ ಹಟ ಹಿಡಿಯುತ್ತವೆ; ಅದು ಈ ಹಂತದಲ್ಲೇ ಗೊತ್ತಾಗಬೇಕು. ಟೈಪಿಂಗ್ ಬಗ್ಗೆ ಭಯ ಬೇಡ. ಲಿನಕ್ಸ್‌ನಲ್ಲಿ ಬೇರೆ ಬೇರೆ ಭಾಷೆ ಟೈಪಿಸಲು ನೆರವಾಗುವ ಐಬಸ್‌ಗೆ ಎಂ17ಎನ್ ಎಂಬ ಕೀಲಿಮಣೆಗಳ ಕಟ್ಟನ್ನು ಸೇರಿಸಿದರೆ ಕಗಪ ಕೀಲಿಮಣೆ ಸಿಗುತ್ತದೆ, ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ, ನುಡಿ ಬಳಸಿದ ಬೆರಳುಗಳಿಗೆ ಪರಿಚಿತವಾದ ವಿನ್ಯಾಸ ಅದು.

ಎಲ್ಲವನ್ನೂ ಸಾಗಿಸಲೇಬೇಕೆಂಬ ಹಟ ನನಗಿಲ್ಲ. ಟ್ಯಾಲಿ ವಿಂಡೋಸ್‌ಗಾಗಿ ಮಾಡಿದ ಲೆಕ್ಕಪತ್ರದ ತಂತ್ರಾಂಶ. ಡಿಜಿಟಲ್ ಸಹಿಯ ಕೆಲವು ಟೋಕನ್‌ಗಳೂ ಅಲ್ಲಿಯೇ ನಿರಾತಂಕವಾಗಿ ನಡೆಯುತ್ತವೆ. ಮ್ಯಾಕ್ರೊ, ಅಂದರೆ ತಾವಾಗಿ ನಡೆಯುವ ಆದೇಶಗಳು, ತುಂಬಿದ ಎಕ್ಸೆಲ್ ಹಾಳೆಗಳು ಲಿಬ್ರೆಆಫೀಸ್‌ನ ಕ್ಯಾಲ್ಕ್‌ನಲ್ಲಿ ಅರ್ಧಕ್ಕೆ ನಿಲ್ಲುವುದುಂಟು. ಅಂಥ ಕೆಲಸಕ್ಕೆ ಪರವಾನಗಿ ಇರುವ ಒಂದು ವಿಂಡೋಸ್ ಯಂತ್ರ ಇಟ್ಟುಕೊಂಡು ಉಳಿದವನ್ನು ಬದಲಿಸಿ. ಕದ್ದ ಪ್ರತಿ ಮಾತ್ರ ಬೇಡ. ಅದನ್ನು ಹಾಕಲು ಆಂಟಿವೈರಸ್ ಆಫ್ ಮಾಡಿಡಿ ಎನ್ನುವವರ ಕೈಗೆ ಕಚೇರಿಯ ಲೆಕ್ಕಪತ್ರವನ್ನು ಒಪ್ಪಿಸಿದಂತಾಗುತ್ತದೆ.

ಬಳಸುತ್ತಾ ಹೋದಂತೆ ಯಾವುದೋ ಒತ್ತಕ್ಷರ ಒಡೆದು ಕಾಣಬಹುದು. ಸುಮ್ಮನಿರಬೇಡಿ. ಮುಕ್ತ ತಂತ್ರಾಂಶಗಳಲ್ಲಿ ದೋಷ ದಾಖಲಿಸುವ ಪುಟ ಎಲ್ಲರಿಗೂ ತೆರೆದಿರುತ್ತದೆ, ಆದರೆ ಅದನ್ನು ಓದುವ ಅಭಿವರ್ಧಕರಲ್ಲಿ ಹೆಚ್ಚಿನವರಿಗೆ ಕನ್ನಡ ಬಾರದು. "ಕನ್ನಡ ಸರಿ ಬರುತ್ತಿಲ್ಲ" ಎಂದಷ್ಟೇ ಬರೆದರೆ ಅವರಿಗೆ ದಾರಿ ತಿಳಿಯುವುದಿಲ್ಲ. ತಪ್ಪಾಗಿ ಕಂಡ ಪದ, ಅದು ಹೇಗೆ ಕಾಣಬೇಕಿತ್ತು ಎಂಬುದರ ಚಿತ್ರ, ಫಾಂಟ್‌ನ ಹೆಸರು, ತಂತ್ರಾಂಶದ ಆವೃತ್ತಿ, ಒಂದೇ ಸಾಲಿನ ಮಾದರಿ ಕಡತ, ಇಷ್ಟನ್ನೂ ಒಟ್ಟಿಗೆ ಕಳುಹಿಸಿ.