ತಾರೀಖು ಬೇಡ, ಅವಧಿ ತನ್ನಿ

ಎಕ್ಸೆಲ್ ಹಾಳೆಯಲ್ಲಿದ್ದ ಕೆಲಸಗಳ ಪಟ್ಟಿಯನ್ನು ಕೆಲಸಗಳ ವೇಳಾಪಟ್ಟಿ ಹಾಕುವ ತಂತ್ರಾಂಶವಾದ ಮೈಕ್ರೋಸಾಫ್ಟ್ ಪ್ರಾಜೆಕ್ಟ್‌ಗೆ ಏರಿಸಿದವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ: ‘ಎಲ್ಲಾ ಸರಿಯಾಗಿ ಬಂದಿದೆ, ಆದರೆ ಮೊದಲ ಕೆಲಸದ ಅವಧಿ ಕಡಿಮೆ ಮಾಡಿದರೂ ಮುಂದಿನದು ಜಪ್ಪಯ್ಯ ಅನ್ನುವುದಿಲ್ಲ, ಯಾಕೆ?’ ಸ್ಟಾರ್ಟ್, ಫಿನಿಶ್ ಕಾಲಂಗಳನ್ನೂ ಹೊತ್ತು ತಂದಿದ್ದೀರಿ, ಅದಕ್ಕೆ. ಹೀಗೆಂದ ಕೂಡಲೇ ‘ತಾರೀಖೇ ಇಲ್ಲದೆ ಅದೆಂಥಾ ಶೆಡ್ಯೂಲ್?’ ಎಂಬ ಮರುಪ್ರಶ್ನೆ ಬರುತ್ತದೆ. ಬಿಡಿಸಿ ಹೇಳದೆ ವಿಧಿಯಿಲ್ಲ.

ಎಕ್ಸೆಲ್‌ನಲ್ಲಿ ತಾರೀಖನ್ನು ನೀವು ಬರೆಯುತ್ತೀರಿ. ಪ್ರಾಜೆಕ್ಟ್‌ನಲ್ಲಿ ಅದು ಲೆಕ್ಕ ಹಾಕಿ ಬರಬೇಕು: ಕೆಲಸದ ಅವಧಿ, ಹಿಂದಿನ ಕೆಲಸದ ಜೊತೆಗಿನ ಕೊಂಡಿ, ಕ್ಯಾಲೆಂಡರ್, ಈ ಮೂರರಿಂದ. ನೀವಾಗಿ ಸ್ಟಾರ್ಟ್ ತಾರೀಖು ತುಂಬಿದರೆ ತಂತ್ರಾಂಶ ಅದನ್ನು ಅಪ್ಪಣೆ ಎಂದೇ ತಿಳಿದು ಆ ಕೆಲಸಕ್ಕೆ ‘ಸ್ಟಾರ್ಟ್ ನೋ ಅರ್ಲಿಯರ್ ದ್ಯಾನ್’ (ಈ ದಿನಕ್ಕಿಂತ ಮುಂಚೆ ಶುರು ಬೇಡ) ಎಂಬ ಕಟ್ಟು, ಅಂದರೆ ಕನ್‌ಸ್ಟ್ರೇಂಟ್, ಹಾಕುತ್ತದೆ. ಫಿನಿಶ್ ತುಂಬಿದರೆ ‘ಫಿನಿಶ್ ನೋ ಅರ್ಲಿಯರ್ ದ್ಯಾನ್’. ಇನ್ನೂರು ಸಾಲಿನ ಹಾಳೆ ತಂದರೆ ಇನ್ನೂರು ಕಟ್ಟು. ಇಂಡಿಕೇಟರ್ ಕಾಲಂನಲ್ಲಿ ಸಾಲುಸಾಲಾಗಿ ಪುಟ್ಟ ಕ್ಯಾಲೆಂಡರ್ ಚಿತ್ರಗಳು ಕಂಡರೆ ಆಗಿರುವುದು ಇದೇ.

ಒಂದು ಉದಾಹರಣೆ. ಪಾಯ ಅಗೆಯಲು 4 ದಿನ, ಕಾಂಕ್ರೀಟ್ ಹಾಕಲು 2 ದಿನ. ಅಗೆತ ಮುಗಿದ ಮೇಲೆ ಕಾಂಕ್ರೀಟ್. ವಾರಕ್ಕೆ ಐದು ದಿನ ಕೆಲಸ, ಆರಂಭ 2025ರ ಜೂನ್ 2, ಸೋಮವಾರ. ಅಗೆತ ಗುರುವಾರ 5ಕ್ಕೆ ಮುಗಿಯುತ್ತದೆ, ಕಾಂಕ್ರೀಟ್ ಶುಕ್ರವಾರ 6ಕ್ಕೆ ಶುರು. ಈಗ ಎರಡು ಸಾಲನ್ನೂ ಸ್ಟಾರ್ಟ್ ತಾರೀಖಿನ ಸಮೇತ ಇಂಪೋರ್ಟ್ ಮಾಡಿ. ಅಗೆತದ ಅವಧಿಯನ್ನು 6 ದಿನಕ್ಕೆ ಏರಿಸಿದರೆ ಕಾಂಕ್ರೀಟ್ ಜೂನ್ 10ಕ್ಕೆ ಸರಿಯುತ್ತದೆ. ‘ನೋಡಿ, ಕೆಲಸ ಮಾಡ್ತಿದೆಯಲ್ಲ!’ ಎಂದು ಬಹಳ ಜನ ಮೋಸ ಹೋಗುವುದು ಇಲ್ಲೇ. ಅದೇ ಅವಧಿಯನ್ನು 2 ದಿನಕ್ಕೆ ಇಳಿಸಿ ನೋಡಿ. ಅಗೆತ ಜೂನ್ 3ಕ್ಕೆ ಮುಗಿದರೂ ಕಾಂಕ್ರೀಟ್ 4ಕ್ಕೆ ಬರುವುದಿಲ್ಲ, 6ರಲ್ಲೇ ಕೂತಿರುತ್ತದೆ. ಜೊತೆಗೆ ಅಗೆತಕ್ಕೆ ಇಲ್ಲದ 2 ದಿನದ ಸ್ಲಾಕ್ (ತಡವಾದರೂ ನಡೆಯುವ ಬಿಡುವು) ಹುಟ್ಟಿಕೊಂಡು ಅದು ಕ್ರಿಟಿಕಲ್ ಪಾತ್‌ನಿಂದಲೇ, ಅಂದರೆ ತಡವಾದರೆ ಇಡೀ ಯೋಜನೆಯೇ ತಡವಾಗುವ ಕೆಲಸಗಳ ಸರಣಿಯಿಂದಲೇ, ಹೊರಗೆ ಬೀಳುತ್ತದೆ. ಈ ಕಟ್ಟು ಹಿಂದಕ್ಕೆ ಬರಲು ಮಾತ್ರ ಬಿಡುವುದಿಲ್ಲ. ಮುಂದಕ್ಕೆ ಹೋಗಲು ಅಡ್ಡಿಯಿಲ್ಲ. ಹಾಗಾಗಿ ತಪ್ಪು ತಿಂಗಳುಗಟ್ಟಲೆ ಯಾರ ಕಣ್ಣಿಗೂ ಬೀಳದೆ ಉಳಿಯಬಹುದು.

ಹಾಳೆಯಲ್ಲಿ ಇರಬೇಕಾದ್ದು ಇಷ್ಟೇ: ಕೆಲಸದ ಹೆಸರು, ಔಟ್‌ಲೈನ್ ಲೆವೆಲ್ (ಕೆಲಸ, ಉಪಕೆಲಸಗಳ ಹಂತ), ಡ್ಯುರೇಶನ್ (ಅವಧಿ), ಪ್ರಿಡಿಸೆಸರ್ (ಕೊಂಡಿ ಹಾಕಬೇಕಾದ ಹಿಂದಿನ ಕೆಲಸ). ರಿಸೋರ್ಸ್ ಹೆಸರುಗಳು ಬೇಕಿದ್ದರೆ ಸೇರಿಸಿ. ಫೈಲ್ ತೆರೆದಾಗ ಬರುವ ವಿಝಾರ್ಡ್‌ನಲ್ಲಿ ಹೊಸ ಮ್ಯಾಪ್ (ಯಾವ ಕಾಲಂ ಯಾವ ಫೀಲ್ಡ್‌ಗೆ ಎಂಬ ಜೋಡಣೆ), ಹೊಸ ಪ್ರಾಜೆಕ್ಟ್, ಟಾಸ್ಕ್ ಎಂದು ಆರಿಸಿ, ತಲೆಬರಹದ ಸಾಲು ಇದೆ ಎಂಬುದಕ್ಕೆ ಟಿಕ್ ಹಾಕಿ, ಕಾಲಂ ಜೋಡಿಸಿ. ಅದಕ್ಕೂ ಮುಂಚೆ, ಹೊಸ ಟಾಸ್ಕ್‌ಗಳು ಆಟೋ ಶೆಡ್ಯೂಲ್ಡ್ (ತಾರೀಖನ್ನು ತಂತ್ರಾಂಶವೇ ಲೆಕ್ಕ ಹಾಕುವುದು) ಆಗಿ ಬರುವಂತೆ ಆಯ್ಕೆ ಬದಲಿಸಿಕೊಂಡಿರಬೇಕು. 2010ರ ಆವೃತ್ತಿಯಿಂದೀಚೆಗೆ ತಾನಾಗಿ ಸಿಗುವುದು ಮ್ಯಾನ್ಯುಯಲ್, ಅಂದರೆ ತಾರೀಖು ನೀವೇ ಹಾಕಬೇಕಾದದ್ದು. ಹಾಗೆ ಬಂದ, ಗುಂಡುಪಿನ್ನಿನ ಚಿತ್ರ ಕಂಡ ಸಾಲುಗಳು ಕಟ್ಟು ಇಲ್ಲದೆಯೂ ಕದಲುವುದಿಲ್ಲ.

ಹಳೆಯ ತಾರೀಖುಗಳನ್ನು ಕಳೆದುಕೊಳ್ಳುವ ಭಯವಿದ್ದರೆ ಅವನ್ನು ‘ಸ್ಟಾರ್ಟ್1’, ‘ಫಿನಿಶ್1’ ಎಂಬ ಖಾಲಿ ಫೀಲ್ಡ್‌ಗಳಿಗೆ ಜೋಡಿಸಿ. ಅಲ್ಲಿರುವುದು ಲೆಕ್ಕಕ್ಕೆ ಕೈ ಹಾಕುವುದಿಲ್ಲ. ಇಂಪೋರ್ಟ್ ಆದ ಮೇಲೆ ಸ್ಟಾರ್ಟ್ ಮತ್ತು ಸ್ಟಾರ್ಟ್1 ಎರಡನ್ನೂ ಅಕ್ಕಪಕ್ಕ ಇಟ್ಟು ಓದಿ. ವ್ಯತ್ಯಾಸ ಕಂಡ ಸಾಲಿನಲ್ಲಿ ಬಹುಮಟ್ಟಿಗೆ ಒಂದು ಕೊಂಡಿ ಬಿಟ್ಟುಹೋಗಿರುತ್ತದೆ, ಇಲ್ಲವೇ ಹಾಳೆಯಲ್ಲಿ ಭಾನುವಾರವನ್ನೂ ಎಣಿಸಿರುತ್ತಾರೆ. ರಜೆಯಲ್ಲೂ ನಡೆಯುವ ಕೆಲಸಕ್ಕೆ, ಕಾಂಕ್ರೀಟ್ ಕ್ಯೂರಿಂಗ್‌ನಂಥದ್ದಕ್ಕೆ, 7 ದಿನ ಎನ್ನುವ ಬದಲು ‘7ed’ (ಏಳು ಇ-ಡಿ) ಎಂದು ಎಲ್ಯಾಪ್ಸ್‌ಡ್ ಅವಧಿ, ಅಂದರೆ ರಜೆಯನ್ನೂ ಸೇರಿಸಿ ಎಣಿಸುವ ಅವಧಿ, ಕೊಡಿ.

ಪ್ರಿಡಿಸೆಸರ್ ಕಾಲಂನಲ್ಲಿ ಬರೆಯಬೇಕಾದ್ದು ಪ್ರಾಜೆಕ್ಟ್‌ನ ಐಡಿ ಸಂಖ್ಯೆ. ಎಕ್ಸೆಲ್‌ನ ಸಾಲಿನ ಸಂಖ್ಯೆ ಬರೆದು ಕೆಟ್ಟವರು ತುಂಬ. ತಲೆಬರಹ ಮೊದಲ ಸಾಲಿನಲ್ಲಿರುವುದರಿಂದ ಹಾಳೆಯ 2ನೇ ಸಾಲು ಅಲ್ಲಿ 1ನೇ ಕೆಲಸವಾಗುತ್ತದೆ, ಕೊಂಡಿಗಳೆಲ್ಲ ಒಂದೊಂದು ಸಾಲು ತಪ್ಪುತ್ತವೆ. ಕೊಂಡಿ ಬರೆದಾದ ಮೇಲೆ ಹಾಳೆಯನ್ನು ಸಾರ್ಟ್ ಮಾಡುವುದಂತೂ ಬೇಡವೇ ಬೇಡ.

ಎಕ್ಸೆಲ್‌ಗೆ ಇನ್ನೊಂದು ಕೆಟ್ಟ ಚಾಳಿ: ಕೇಳದಿದ್ದರೂ ತಿದ್ದುವುದು. 12 ಮತ್ತು 150ನೇ ಕೆಲಸ ಎಂದು ‘12,150’ ಬರೆದರೆ ಅದು ಹನ್ನೆರಡು ಸಾವಿರದ ನೂರೈವತ್ತು ಎಂದು ಓದಿಕೊಳ್ಳುತ್ತದೆ. ಡಬ್ಲ್ಯುಬಿಎಸ್ ಸಂಖ್ಯೆ (ಕೆಲಸ, ಉಪಕೆಲಸಗಳಿಗೆ ಕೊಡುವ ಕ್ರಮಸಂಖ್ಯೆ) 1.10 ಹೋಗಿ 1.1 ಆಗುತ್ತದೆ. ಬರೆಯುವ ಮುಂಚೆಯೇ ಆ ಕಾಲಂಗಳನ್ನು ಟೆಕ್ಸ್ಟ್ ಎಂದು ಫಾರ್ಮ್ಯಾಟ್ ಮಾಡಿ. ಆಮೇಲೆ ಮಾಡಿದರೆ ಕಳೆದ ಸೊನ್ನೆ ವಾಪಸು ಬರುವುದಿಲ್ಲ. ಇಂಡೆಂಟ್ ಮಾಡಿ ಚಂದ ಕಾಣಿಸಿದ್ದನ್ನು ಪ್ರಾಜೆಕ್ಟ್ ಓದುವುದಿಲ್ಲ, 1, 2, 3 ಎಂದು ಲೆವೆಲ್ ಕಾಲಂ ಇರಲೇಬೇಕು. ರಿಸೋರ್ಸ್ ಹೆಸರಿನ ಕೊನೆಯಲ್ಲಿ ಒಂದು ಸ್ಪೇಸ್ ಉಳಿದರೆ ಒಬ್ಬನೇ ಮೇಸ್ತ್ರಿ ಇಬ್ಬರಾಗಬಹುದು. ಟ್ರಿಮ್ ಫಾರ್ಮುಲಾ ಓಡಿಸಿ.

ತಾರೀಖು ತರಲೇಬೇಕಾದ ಸಂದರ್ಭಗಳೂ ಇವೆ, ಇಲ್ಲವೆನ್ನುವುದಿಲ್ಲ. ಆಗಲೇ ಶುರುವಾದ ಕೆಲಸಕ್ಕೆ ಆಕ್ಚುಯಲ್ ಸ್ಟಾರ್ಟ್ (ನಿಜವಾಗಿ ಶುರುವಾದ ತಾರೀಖು) ಬೇಕು. ಯಂತ್ರ ಇಂಥ ದಿನವೇ ಬಂದಿಳಿಯುವುದೆಂದು ಗೊತ್ತಿದ್ದರೆ ಆ ಒಂದು ಸಾಲಿಗೆ ಕಟ್ಟು ನ್ಯಾಯವೇ. ಗ್ರಾಹಕರು ಹೇಳಿದ ಗಡುವಿಗೆ ಮಾತ್ರ ಕಟ್ಟು ಹಾಕದೆ ಡೆಡ್‌ಲೈನ್ ಫೀಲ್ಡ್ ಬಳಸಿ. ತಡವಾದರೆ ಅದು ಎಚ್ಚರಿಸುತ್ತದೆ, ಯಾವುದನ್ನೂ ಹಿಡಿದಿಡುವುದಿಲ್ಲ. ತಂದ ತಾರೀಖು ನಿಜವಾದ ತಾರೀಖೋ ಬರೀ ಅಕ್ಷರವೋ ತಿಳಿಯಲು ಕೋಶದ ಫಾರ್ಮ್ಯಾಟನ್ನು ಜನರಲ್ ಮಾಡಿ ನೋಡಿ. 2024ರ ಜನವರಿ 1 ಇದ್ದ ಜಾಗದಲ್ಲಿ 45292 ಬಂದರೆ ಸರಿ. ಏನೂ ಬದಲಾಗದಿದ್ದರೆ ಅದು ಅಕ್ಷರ. 3/4 ಎಂಬುದು ಏಪ್ರಿಲೋ ಮಾರ್ಚೋ ಎಂಬ ಗೊಂದಲವೂ ಅಲ್ಲೇ ಕಾದಿರುತ್ತದೆ.

ಈಗಾಗಲೇ ತಾರೀಖು ತಂದು ಸಿಕ್ಕಿಕೊಂಡಿದ್ದರೆ ‘ಕನ್‌ಸ್ಟ್ರೇಂಟ್ ಟೈಪ್’ ಕಾಲಂ ಸೇರಿಸಿ ಕಣ್ಣಾಡಿಸಿ. ಎಲ್ಲ ಸಾಲು ಆರಿಸಿ ಟಾಸ್ಕ್ ಇನ್ಫರ್ಮೇಶನ್‌ನ ಅಡ್ವಾನ್ಸ್‌ಡ್ ಪುಟದಲ್ಲಿ ‘ಆ್ಯಸ್ ಸೂನ್ ಆ್ಯಸ್ ಪಾಸಿಬಲ್’ (ಆದಷ್ಟು ಬೇಗ) ಕೊಟ್ಟರೆ ಕಟ್ಟು ಬಿಚ್ಚುತ್ತದೆ. ಆದರೆ ನ್ಯಾಯವಾಗಿ ಹಾಕಿದ ಕಟ್ಟೂ ಅದರ ಜೊತೆ ಹೋಗುತ್ತದೆ. ಅವನ್ನು ಮೊದಲೇ ಗುರುತು ಮಾಡಿಟ್ಟು, ಫೈಲಿನ ಪ್ರತಿ ತೆಗೆದುಕೊಂಡು ಆಮೇಲೆ ಕೈ ಹಾಕಿ. ಕೊಂಡಿಯೇ ಇಲ್ಲದ ಕೆಲಸಗಳೆಲ್ಲ ಆಗ ಪ್ರಾಜೆಕ್ಟ್‌ನ ಮೊದಲ ದಿನಕ್ಕೆ ಜಿಗಿಯುತ್ತವೆ. ಗಾಬರಿ ಬೇಡ. ಕೊಂಡಿ ಹಾಕಬೇಕಾದ ಸಾಲುಗಳು ಯಾವುವೆಂದು ಹುಡುಕುವ ಶ್ರಮ ತಪ್ಪಿತು.